ಮತ್ತೆ ಬೆಳೆದ ಬಾಲ

"ಆ ಪೆಟ್ಟಿಗೆ ಕೆಳಗಿಡಮ್ಮ. ಅದು ಪಾಠದ ಸಾಮಾನಲ್ಲ, ಸಾಕ್ಷಿ."

ವಿಭಾಗದ ಮುಖ್ಯಸ್ಥರು ಪ್ರಯೋಗಶಾಲೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಒಳಗೆ ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಬಿಳಿ ಕೋಟು ತೊಟ್ಟು, ಸೂಕ್ಷ್ಮದರ್ಶಕಗಳ ಮುಂದೆ ಕುಳಿತು, ಪಾಠ ಶುರುವಾಗುವ ಮೊದಲೇ ಜಗಳ ನೋಡಲು ಸಿಕ್ಕಿತೆಂದು ಕತ್ತು ಚಾಚಿದ್ದರು.

ಮೀನಮ್ಮ ಪೆಟ್ಟಿಗೆಯನ್ನು ಕೆಳಗಿಡಲಿಲ್ಲ. ತಣ್ಣಗಿನ ಅದನ್ನು ಎದೆಗೆ ಒತ್ತಿ ಹಿಡಿದಿದ್ದರಿಂದ ಅವಳ ಕೋಟಿನ ಮುಂಭಾಗ ಒದ್ದೆಯಾಗಿತ್ತು.

"ಸಾಕ್ಷಿ ಅಂತಾನೇ ತಂದಿದ್ದೀನಿ ಸಾರ್. ನೀವು ಅಂಟಿಸಿದ ಪಟ್ಟಿ ಹಾಗೇ ಇದೆ, ನೋಡಿ. ಫ್ರೀಜರಿಗೆ ಹಾಕಿದ್ದಷ್ಟೇ, ಒಳಗಿರೋದನ್ನ ಯಾರೂ ಸರಿಯಾಗಿ ನೋಡೇ ಇಲ್ಲ. ನಾನೂ ನೋಡಿಲ್ಲ."

ಒಳಗಿದ್ದದ್ದು ಸತ್ತ ಮೀನುಗಳು. ಪೆನ್ನಿನ ಮುಚ್ಚಳದಷ್ಟು ಉದ್ದದ, ನೀಲಿ ಪಟ್ಟೆಯ ಮೀನುಗಳು. ಹೋದ ವಾರ ಅವಳ ತೊಟ್ಟಿಯ ಹೀಟರನ್ನು ಯಾರೋ ತುದಿಯವರೆಗೆ ತಿರುಗಿಸಿಟ್ಟು, ಅವಳು ವರ್ಷಗಟ್ಟಲೆ ಸಾಕಿ ಬೆಳೆಸಿದ ತಳಿ ಬೆಂದು ತೇಲಿತ್ತು. ತಪ್ಪು ಅವಳದೇ ಎಂದು ಎಲ್ಲರೂ ನಂಬಿದ್ದರು. ಅವಳಿಗೆ ಸಂಶೋಧನೆಯಲ್ಲಿ ಜಾಗ ಇರಬೇಕೇ, ಈ ತರಗತಿಯನ್ನು ಅವಳ ಕೈಗೆ ಕೊಡಬೇಕೇ ಎಂಬುದನ್ನು ಅದೇ ಮಧ್ಯಾಹ್ನ ಸಮಿತಿ ತೀರ್ಮಾನಿಸಲಿತ್ತು.

"ಏನು ಮಾಡ್ತೀಯ ಇದನ್ನ?" ಮುಖ್ಯಸ್ಥರು ಒಳಗೆ ಬಂದರು.

"ಇವತ್ತಿನ ಪಾಠ ಬಾಲದ ಮರುಬೆಳವಣಿಗೆ. ನನ್ನ ತೊಟ್ಟಿಯ ಒಂದೊಂದು ಮೀನಿನ ಬಾಲವನ್ನೂ ಮಂಪರು ಬರಿಸೋ ಔಷಧಿ ಹಾಕಿದ ನೀರಿಗೆ ಬಿಟ್ಟು ನಾನೇ ಕತ್ತರಿಸಿದ್ದೆ, ಮತ್ತೆ ಬೆಳೆಸಿದ್ದೆ. ಮತ್ತೆ ಬೆಳೆದ ಬಾಲಕ್ಕೂ ಹುಟ್ಟುಬಾಲಕ್ಕೂ ವ್ಯತ್ಯಾಸ ಇದೆ. ಈ ಪೆಟ್ಟಿಗೆಯಲ್ಲಿ ಇರೋವು ನನ್ನವೇನಾ ಅಂತ ಈ ಮಕ್ಕಳೇ ಹೇಳಲಿ."

ಕಿಟಕಿಯ ಹತ್ತಿರ ಯಾರೋ ಸಣ್ಣಗೆ ನಕ್ಕರು. ಅವಳ ಸೀನಿಯರ್. ಅವನ ಕೋಟು ಯಾವ ಹೊತ್ತಿನಲ್ಲಿ ನೋಡಿದರೂ ಈಗಷ್ಟೇ ಪೆಟ್ಟಿಗೆಯಿಂದ ತೆಗೆದಂತೆ ಗರಿಗರಿಯಾಗಿರುತ್ತಿತ್ತು. ಅದಕ್ಕೇ ಅವನಿಗೆ 'ಇಸ್ತ್ರಿ' ಎಂದು ಹೆಸರು ಬಿದ್ದಿತ್ತು. "ನೀನೇ ನೋಡಿ ಹೇಳಬಹುದಿತ್ತಲ್ಲ, ಮೀನಮ್ಮ? ಮಕ್ಕಳ ತಲೆ ಯಾಕೆ ತಿಂತೀಯ?"

"ನಾನು ಮೊದಲೇ ನೋಡಿದ್ರೆ, ನಾನೇ ಹೇಳಿಕೊಟ್ಟೆ ಅಂತ ಮೊದಲು ಹೇಳೋರು ನೀವೇ."

ವಿದ್ಯಾರ್ಥಿಗಳಲ್ಲಿ ಕಿಸಕ್ಕನೆ ನಗು ಹರಿಯಿತು. ಹಿಂದಿನ ಬೆಂಚಿನ ಮೂಲೆಯಲ್ಲಿ ಅವಳ ಗೈಡ್ ಮೇಡಂ ಕುಳಿತಿದ್ದರು. ಅವರು ನಗಲಿಲ್ಲ. ಒಂದು ವಾರದಿಂದ ಅವರು ಮೀನಮ್ಮನ ಕಣ್ಣಿಗೆ ಕಣ್ಣು ಕೊಟ್ಟಿರಲಿಲ್ಲ.

ಮುಖ್ಯಸ್ಥರು ಒರಟು ಮನುಷ್ಯ, ಆದರೆ ಪ್ರಯೋಗ ಎಂದರೆ ಅವರ ಕಿವಿ ನೆಟ್ಟಗಾಗುತ್ತಿತ್ತು. "ಸರಿ. ತಟ್ಟೆಗಳಿಗೆ ಹಾಕೋನು ನಾನು. ಯಾವುದರಲ್ಲಿ ಯಾವುದು ಅಂತ ಗೊತ್ತಿರೋದು ನನಗೊಬ್ಬನಿಗೇ. ಒಪ್ಪಿಗೆನಾ?"

"ಅದನ್ನೇ ಕೇಳಬೇಕು ಅಂತಿದ್ದೆ ಸಾರ್."

ಅವರು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಟ್ರೇಯಲ್ಲಿ ಒಂಬತ್ತು ಗಾಜಿನ ತಟ್ಟೆಗಳು. ಮೂರರಲ್ಲಿ ಹಳೆಯ ಪ್ರಯೋಗದ, ಮತ್ತೆ ಬೆಳೆದ ಬಾಲಗಳು. ಮೂರರಲ್ಲಿ ಎಂದೂ ಕತ್ತರಿ ಕಾಣದ ಬಾಲಗಳು. ಇನ್ನು ಮೂರರಲ್ಲಿ ಪೆಟ್ಟಿಗೆಯ ಮೀನುಗಳು. ಯಾವುದು ಯಾವ ನಂಬರೆಂದು ಅವರು, ಪರೀಕ್ಷೆಯಲ್ಲಿ ಕಾಪಿ ಹೊಡೆಯಲು ಬಂದವರಂತೆ, ಎಡ ಅಂಗೈಯಲ್ಲಿ ಬರೆದುಕೊಂಡು ಮುಷ್ಟಿ ಬಿಗಿದಿದ್ದರು.

ಮೀನಮ್ಮ ಬೋರ್ಡಿನ ಕಡೆ ತಿರುಗಿದಳು. ಬೆನ್ನ ಹಿಂದೆ ಅಷ್ಟೊಂದು ಕಣ್ಣುಗಳು. ಹೀಗೆ ಬೋರ್ಡಿನ ಮುಂದೆ ನಿಲ್ಲುವ ದಿನಕ್ಕಾಗಿ ಅವಳು ಎಷ್ಟು ಕಾದಿದ್ದಳು! ಬಂದಾಗ ಹೀಗೆ ಬಂದಿತ್ತು.

"ಬಾಲ ಅಂದ್ರೆ ಬೀಸಣಿಗೆ ಅಂದುಕೊಳ್ಳಿ," ಎಂದಳು. "ಒಳಗೆ ಕಡ್ಡಿಗಳಿರುತ್ತೆ. ಒಂದೊಂದು ಕಡ್ಡಿಯೂ ಸ್ವಲ್ಪ ದೂರ ಬಂದು ಕವಲೊಡೆಯುತ್ತೆ, ಮರದ ಕೊಂಬೆ ಥರ. ಕತ್ತರಿಸಿ ಮತ್ತೆ ಬೆಳೆದಾಗ ಆ ಕವಲು ಮೊದಲಿನ ಜಾಗದಲ್ಲಿ ಬರಲ್ಲ. ಇನ್ನೂ ತುದಿ ಕಡೆಗೆ ಸರಿಯುತ್ತೆ. ಇದು ಮೊದಲನೇ ಗುರುತು."

ಎಳೆದ ಗೆರೆ ಸರಾಗವಾಗಿ ಬಂತು.

"ಎರಡನೇದು ಪಟ್ಟೆ. ದರ್ಜಿ ಅವಸರದಲ್ಲಿ ಅಂಗಿಗೆ ಜೇಬು ಹೊಲಿದ್ರೆ ಜೇಬಿನ ಪಟ್ಟೆಗೂ ಅಂಗಿಯ ಪಟ್ಟೆಗೂ ಹೊಂದಲ್ಲ ನೋಡಿ, ಹಾಗೆ. ಕತ್ತರಿಸಿದ ಜಾಗದಲ್ಲಿ ಪಟ್ಟೆಗಳು ತಪ್ಪಿರುತ್ತೆ. ಎರಡೂ ಗುರುತು ಇದ್ರೆ ಮಾತ್ರ 'ಮತ್ತೆ ಬೆಳೆದದ್ದು' ಅನ್ನಿ."

ಮುಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿದ. "ಮಿಸ್, ನಮ್ಮ ಬೆರಳು ಹೋದ್ರೆ ಹೀಗೆ ಯಾಕೆ ಬರಲ್ಲ?"

ಮೀನಮ್ಮ ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

"ಅದನ್ನ ಕಂಡುಹಿಡಿಯೋಕೇ ನಾನು ಇಲ್ಲಿಗೆ ಬಂದಿದ್ದು."

ನಿಜ. ಶಾಲೆಗಾಗಿ ದೊಡ್ಡಮ್ಮನ ಮನೆಯಲ್ಲಿ ಬೆಳೆದವಳು ಅವಳು. ದೊಡ್ಡಮ್ಮ ಪೊಲೀಸ್ ಇಲಾಖೆಯಲ್ಲಿ ಬೆರಳಚ್ಚು ತಜ್ಞೆ. ಒಮ್ಮೆ ಡಬ್ಬಿಯ ತಗಡು ತಾಗಿ ಮೀನಮ್ಮನ ತೋರುಬೆರಳು ಸೀಳಿತು. ಗಾಯ ಮಾಯ್ದ ಮೇಲೆ ದೊಡ್ಡಮ್ಮ ಆ ಬೆರಳಿಗೆ ಮಸಿ ಹಚ್ಚಿ ಹಾಳೆಗೊತ್ತಿ ತೋರಿಸಿದ್ದರು: ಸುರುಳಿ ಗೆರೆಗಳ ನಡುವೆ ಬೆಳ್ಳಗೊಂದು ಸೀಳು. "ಇದು ಇನ್ನು ಸಾಯೋವರೆಗೂ ಹೀಗೇ ಮರಿ." ಹುಡುಗಿ ಅಳಲಿಲ್ಲ. ಯಾಕೆ ಹೀಗೇ ಎಂದು ಕೇಳಿದಳು. ದೊಡ್ಡಮ್ಮನ ಹತ್ತಿರ ಉತ್ತರವಿರಲಿಲ್ಲ. ಮೀನಿಗೆ ಬಾಲ ಮತ್ತೆ ಬರುತ್ತದೆಂದು ಪಾಠದಲ್ಲಿ ಓದಿದ ದಿನ ಅವಳು ತಟ್ಟೆ ಮುಂದೆ ಕುಳಿತು ಊಟ ಮರೆತಿದ್ದಳು. ವೈದ್ಯಕೀಯಕ್ಕೆ ಸೀಟು ಸಿಗಲಿಲ್ಲ. ಜೀವಶಾಸ್ತ್ರ ಓದಿದಳು, ಗೈಡ್ ಮೇಡಂ ಪ್ರಯೋಗಶಾಲೆಗೆ ಸೇರಿದಳು, ಮೊದಲ ವರ್ಷವೆಲ್ಲ ತೊಟ್ಟಿ ಉಜ್ಜಿದಳು. ಆಮೇಲೆ ಬಂತು ಆ ತಳಿ. ಬೇರೆ ಮೀನಿನ ಬಾಲ ಬೆಳೆಯುವ ಅರ್ಧ ಹೊತ್ತಿನಲ್ಲಿ ಬಾಲ ಬೆಳೆಸಿಕೊಳ್ಳುವ ಮೀನುಗಳು.

"ಶುರು ಮಾಡಿ," ಎಂದಳು.

ಒಂಬತ್ತು ಬೆಂಚುಗಳಲ್ಲಿ ತಲೆಗಳು ಬಾಗಿದವು. ಹಾಲ್ ನಿಶ್ಶಬ್ದವಾಯಿತು. ನಡುನಡುವೆ "ಸರಿಯೋ, ನಂಗೂ ತೋರಿಸೋ" ಎಂಬ ಪಿಸುಮಾತು ಮಾತ್ರ. ಮೀನಮ್ಮ ಬೆಂಚುಗಳ ನಡುವೆ ನಡೆದಳು. ಯಾವ ಸೂಕ್ಷ್ಮದರ್ಶಕಕ್ಕೂ ಕಣ್ಣಿಡಲಿಲ್ಲ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಪೆಟ್ಟಿಗೆಯಲ್ಲಿರುವುದು ತನ್ನ ಮೀನುಗಳೇ ಆಗಿದ್ದರೆ? ತನ್ನ ಕೈಯಾರೆ, ತುಂಬಿದ ತರಗತಿಯ ಎದುರು ತನ್ನ ಕಥೆ ಮುಗಿಸಿಕೊಂಡಂತೆ.

ಒಬ್ಬೊಬ್ಬರಾಗಿ ಎದ್ದು ಉತ್ತರ ಹೇಳತೊಡಗಿದರು. ಅವಳು ಬೋರ್ಡಿನ ಮೇಲೆ ಬರೆಯುತ್ತಾ ಹೋದಳು.

ಆರನೇ ಬೆಂಚಿನ ಕನ್ನಡಕದ ಹುಡುಗಿ ಎದ್ದು, "ಮತ್ತೆ ಬೆಳೆದದ್ದು, ಮಿಸ್. ಪಟ್ಟೆ ಮುರಿದಿದೆ," ಎಂದಳು.

ಮುಖ್ಯಸ್ಥರ ಕಣ್ಣು ಥಟ್ಟನೆ ಅವರ ಮುಷ್ಟಿಯ ಕಡೆಗೆ ಹೋಯಿತು.

ಮೀನಮ್ಮ ಅದನ್ನು ನೋಡಿದಳು. ಅವರು ಹೇಳಬೇಕಾಗಿರಲಿಲ್ಲ. ಆರನೇ ತಟ್ಟೆ ಪೆಟ್ಟಿಗೆಯದು. ಕಿಟಕಿಯ ಹತ್ತಿರ ಇಸ್ತ್ರಿ ಕೈಕಟ್ಟಿ ಆರಾಮಾಗಿ ಗೋಡೆಗೊರಗಿದ.

ಸರಿಯಾಗಿ ನೋಡು, ಅದು ಹಾಗಿರಲ್ಲ ಎಂದು ಹೇಳಿಬಿಡಲು ನಾಲಿಗೆ ತುದಿಯವರೆಗೆ ಬಂತು. ಅವಳು ಹೇಳಲಿಲ್ಲ. ಉಳಿದ ಎಲ್ಲರಿಗೂ ಕೇಳಿದ್ದ ಪ್ರಶ್ನೆಯನ್ನೇ ಆ ಹುಡುಗಿಗೂ ಕೇಳಿದಳು.

"ಎರಡು ಗುರುತು ಹೇಳಿದ್ದೆ. ಎರಡೂ ನೋಡಿದ್ಯಾ?"

ಹುಡುಗಿ ಕೆಂಪಾದಳು. "ಕವಲು ನೋಡಿಲ್ಲ ಮಿಸ್."

"ನೋಡು. ಅವಸರ ಇಲ್ಲ. ನಿನಗೆ ಏನು ಕಾಣುತ್ತೋ ಅದನ್ನೇ ಹೇಳು. ನನಗೋಸ್ಕರ ಏನೂ ಹೇಳಬೇಡ."

ಹುಡುಗಿ ಕನ್ನಡಕ ತೆಗೆದಿಟ್ಟು ಮತ್ತೆ ಬಾಗಿದಳು. ಸೂಜಿಯಿಂದ ಬಾಲವನ್ನು ಮೆಲ್ಲಗೆ ಬಿಡಿಸಿದಳು. ಇಡೀ ಹಾಲ್ ಅವಳ ಬಾಗಿದ ಬೆನ್ನನ್ನೇ ನೋಡುತ್ತಿತ್ತು.

"ಮಿಸ್," ಅವಳು ತಲೆ ಎತ್ತದೆಯೇ ಹೇಳಿದಳು, "ಇದು ಹರಿದಿರೋದು. ಬಲೆಗೆ ಸಿಕ್ಕಿ ಹರಿದ ಹಾಗಿದೆ, ಉದ್ದುದ್ದಕ್ಕೆ. ಅಡ್ಡ ಕತ್ತರಿಸಿಲ್ಲ. ಕವಲೆಲ್ಲ ಇರಬೇಕಾದ ಜಾಗದಲ್ಲೇ ಇದೆ. ಇದನ್ನ ಯಾವತ್ತೂ ಕತ್ತರಿಸೇ ಇಲ್ಲ!"

ಒಂಬತ್ತೂ ಉತ್ತರಗಳು ಬೋರ್ಡಿನ ಮೇಲಿದ್ದವು. ಮುಖ್ಯಸ್ಥರು ಮುಂದೆ ಬಂದು ಮುಷ್ಟಿ ಬಿಚ್ಚಿದರು. ಬೆವರಿಗೆ ಶಾಯಿ ಹರಡಿದ್ದರೂ ಓದಲು ಬರುತ್ತಿತ್ತು.

"ಎಲ್ಲ ಸರಿಯಾಗಿ ಹೇಳಿದ್ದೀರಿ... ಅಲ್ಲ ಅಲ್ಲ, ತಾಳಿ." ಅವರೇ ಗಲಿಬಿಲಿಗೊಂಡಿದ್ದರು. "ಪೆಟ್ಟಿಗೆಯವು ಎರಡು, ಆರು, ಎಂಟು. ಮೂರಕ್ಕೂ ನೀವು ಬರೆದಿರೋದು 'ಕತ್ತರಿಸಿಲ್ಲ' ಅಂತ. ಉಳಿದ ಆರೂ ಸರಿ."

ಅಷ್ಟಕ್ಕೇ ಬಿಡಲಿಲ್ಲ ಆ ಮನುಷ್ಯ. ಎರಡರ ಮುಂದೆ ಕುಳಿತು ನೋಡಿದರು. ಆರರ ಮುಂದೆ, ಎಂಟರ ಮುಂದೆ. ಕೊನೆಗೆ ಪೆಟ್ಟಿಗೆಯಲ್ಲಿ ಉಳಿದಿದ್ದ ಮೀನುಗಳನ್ನೆಲ್ಲ ಒಂದೊಂದಾಗಿ ತರಿಸಿ ನೋಡಿದರು. ಎದ್ದಾಗ ಅವರ ಧ್ವನಿಯ ಒರಟುತನ ಎಲ್ಲೋ ಹೋಗಿತ್ತು.

"ಇವು ನಿನ್ನ ಮೀನುಗಳಲ್ಲ ಕಣಮ್ಮ. ಒಂದೂ ಅಲ್ಲ."

ತರಗತಿ ಹೋ ಎಂದು ಸಿಡಿಯಿತು. ಯಾರೋ ಬೆಂಚು ಕುಟ್ಟಿದರು, ಯಾರೋ ಶಿಳ್ಳೆ ಹೊಡೆದರು. ಕನ್ನಡಕದ ಹುಡುಗಿ ಪಕ್ಕದವಳನ್ನು ತಬ್ಬಿಕೊಂಡು ಕುಣಿದಳು. ಮೀನಮ್ಮ ಮಾತ್ರ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ನಿಂತಳು. ತಾನು ಕೊಂದಿಲ್ಲ. ಅವು ಸತ್ತೇ ಇಲ್ಲವೇನೋ!

"ಒಂದು ನಿಮಿಷ." ಇಸ್ತ್ರಿ ಗೋಡೆ ಬಿಟ್ಟು ಮುಂದೆ ಬಂದ. "ಕೆಲವು ಮೀನಿನ ಬಾಲ ಕತ್ತರಿಸೋಕೆ ಅವಳೇ ಮರೆತಿರಬಹುದಲ್ಲ?"

"ಮರೆತಿಲ್ಲ. ಹೋದ ತಿಂಗಳು ಒಂದೊಂದನ್ನೂ ಪರೀಕ್ಷಿಸಿ 'ಎಲ್ಲ ಬೆಳೆದಿದೆ' ಅಂತ ಒಪ್ಪಿದ್ದು ನೀವೇ ತಾನೆ?" ಎಂದಳು ಮೀನಮ್ಮ.

ಇಸ್ತ್ರಿ ಮತ್ತೆ ಗೋಡೆಯ ಕಡೆ ಸರಿದ.

ಮುಖ್ಯಸ್ಥರು ಅವನನ್ನೇ ಒಂದು ಗಳಿಗೆ ದಿಟ್ಟಿಸಿದರು. "ಮಕ್ಕಳೇ, ಹೊರಗೆ ಹೋಗಿ. ನೀನು ಇರಪ್ಪ."

ವಿದ್ಯಾರ್ಥಿಗಳು ಗುಜುಗುಜು ಎನ್ನುತ್ತಾ ಹೊರಬಿದ್ದರು. ಆ ನೂಕುನುಗ್ಗಲಿನಲ್ಲೇ ದೊಡ್ಡಮ್ಮ ಒಳಗೆ ಬಂದರು. ಅಷ್ಟು ಹೊತ್ತು ವರಾಂಡದ ಬೆಂಚಿನ ಮೇಲೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನಿವೃತ್ತಿಯಾದರೂ ಆ ಚೀಲದಲ್ಲಿ ಕಪ್ಪು ಪುಡಿ, ಮೆತ್ತನೆಯ ಕುಂಚ, ಮಸಿಯ ಡಬ್ಬಿ ಬಿಟ್ಟು ಹೊರಡುವವರಲ್ಲ. ಮುಖ್ಯಸ್ಥರ ಅನುಮತಿ ಪಡೆದು ಆ ವಾರ ಮೀನಿನ ಕೋಣೆಯನ್ನು ಒಮ್ಮೆ ಜಾಲಾಡಿದ್ದರು.

"ಗೆದ್ದೆ ಅಲ್ವಾ ಮರಿ? ಕಿರುಚಾಟ ಕೇಳೇ ಗೊತ್ತಾಯ್ತು. ಬಾಲ ಬಿಚ್ಚಿದ್ದು ನೀನಲ್ಲ ಅಂತ ಕೊನೆಗೆ ಬಾಲಾನೇ ಹೇಳ್ತು ನೋಡು." ಆಮೇಲೆ ಇಸ್ತ್ರಿಯ ಕಡೆ ತಿರುಗಿದರು. "ಕೂತ್ಕೊಳಪ್ಪ. ಒಂದೆರಡು ಮಾತು."

"ನಾನು ನಿಮಗೆ ಯಾಕೆ ಉತ್ತರ ಕೊಡಬೇಕು? ನೀವ್ಯಾರು?"

"ನಾನು ಅವಳ ದೊಡ್ಡಮ್ಮ. ಉತ್ತರ ಕೊಡಲೇಬೇಕು ಅಂತೇನಿಲ್ಲ. ಕೇಳಿಸಿಕೊಂಡ್ರೆ ಸಾಕು." ಅವರು ಎದುರಿನ ಸ್ಟೂಲಿನ ಮೇಲೆ ಕುಳಿತರು. "ಆ ಹೀಟರಿನ ಗುಂಡಿ ಇದೆಯಲ್ಲ, ಅದನ್ನ ನಮ್ಮ ಹುಡುಗಿ ದಿನಾ ಮುಟ್ಟೋಳು. ಪುಡಿ ಹಾಕಿ ನೋಡಿದೆ. ಒಂದು ಗುರುತೂ ಇಲ್ಲ. ಅವಳದೂ ಇಲ್ಲ! ಅವಳೇ ಮೈಮರೆತು ತಿರುಗಿಸಿದ್ರೆ ಅವಳ ಬೆರಳು ಎಲ್ಲಪ್ಪ ಹೋಯ್ತು? ಮೈಮರೆತೋರು ಒರೆಸಿ ಹೋಗ್ತಾರಾ?"

ಇಸ್ತ್ರಿ ಕುಳಿತ.

"ಒರೆಸಿದೋರು ಬಲು ನಾಜೂಕಿನ ಜನ. ಗುಂಡಿ ಒರೆಸಿದ್ರು, ಗಾಜು ಒರೆಸಿದ್ರು, ಮುಚ್ಚಳದ ಮೇಲ್ಭಾಗ ಒರೆಸಿದ್ರು. ಮುಚ್ಚಳ ಎತ್ತುವಾಗ ಹೆಬ್ಬೆರಳು ಒಳಗಡೆ ಅಂಚಿಗೆ ಹೋಗುತ್ತೆ ಅನ್ನೋದು ಮಾತ್ರ ಮರೆತರು." ದೊಡ್ಡಮ್ಮ ಮಸಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. "ನೀನು ಆ ತೊಟ್ಟಿ ಮುಟ್ಟೇ ಇಲ್ಲ ಅಂತ ಸಾರ್ ಹತ್ತಿರ ಹೇಳಿದ್ದೀಯಂತೆ. ಒಳ್ಳೇದಾಯ್ತು. ಹೆಬ್ಬೆರಳು ಕೊಡು, ಅನುಮಾನದಿಂದ ಈಗಲೇ ನಿನ್ನ ಹೆಸರು ತೆಗೆದುಬಿಡೋಣ."

ಇಸ್ತ್ರಿ ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡ. ಗರಿಗರಿ ಕೋಟು ಮುದ್ದೆಯಾಯಿತು.

"ಯಾಕಣ್ಣ?" ಮೀನಮ್ಮ ಮೆಲ್ಲಗೆ ಕೇಳಿದಳು. ಅವನನ್ನು ಅವಳು ಅಣ್ಣ ಎಂದು ಕರೆದು ಬಹಳ ದಿನವಾಗಿತ್ತು. ತೊಟ್ಟಿ ತೊಳೆಯುವ ದಿನಗಳಲ್ಲಿ ಮೊದಲ ಬಾರಿಗೆ ಮೊಟ್ಟೆಯೊಳಗೆ ಮಿಡಿಯುವ ಗುಂಡಿಗೆಯನ್ನು ಅವಳಿಗೆ ತೋರಿಸಿದವನು ಅವನೇ.

ಅವನು ತಲೆ ತಗ್ಗಿಸಿದ. "ನನಗೆ ಬೇರೆ ಕಡೆ ಕೆಲಸ ಸಿಕ್ಕಿದೆ. ಈ ತಳಿ ತಂದುಕೊಡ್ತೀನಿ ಅಂತ ಮಾತು ಕೊಟ್ಟುಬಿಟ್ಟೆ. ಒಂದೆರಡು ಜೋಡಿ ತಗೊಂಡ್ರೆ ಯಾರಿಗೂ ಗೊತ್ತಾಗಲ್ಲ ಅಂತ ಬೆಳಗಾಗುತ್ತಲೇ ಬಂದೆ. ಒಳಗೆ ಹೋಗೋವಾಗ ಕಾವಲುಗಾರ ನನ್ನನ್ನ ನೋಡಿದ."

"ಆಮೇಲೆ?"

"ಆಮೇಲೆ ಏನು? ತೊಟ್ಟಿ ಖಾಲಿ ಇತ್ತು."

ಮೀನಮ್ಮ ದೊಡ್ಡಮ್ಮನ ಮುಖ ನೋಡಿದಳು.

"ನನ್ನಾಣೆ, ಒಂದು ಮೀನೂ ಇರಲಿಲ್ಲ! ನಾನು ಬಂದಿದ್ದನ್ನ ಕಾವಲುಗಾರ ನೋಡಿದ್ದಾನೆ. ಕದ್ದೋನು ನಾನೇ ಅಂತಾರೆ ಅಂತ ಕೈಕಾಲು ಬಿಟ್ಟುಹೋಯ್ತು. ನನ್ನ ತೊಟ್ಟಿಯ ಮಾಮೂಲಿ ಮೀನು ತಂದು ಸುರಿದು, ಹೀಟರ್ ತಿರುಗಿಸಿ, ಒರೆಸಿ ಓಡಿದೆ. ಸತ್ತಿದೆ ಅಂದ್ರೆ ಕಳುವಾಗಿದೆ ಅಂತ ಯಾರೂ ಕೇಳಲ್ಲವಲ್ಲ."

"ಕೇಳಲ್ಲ. ಅವಳ ಕುತ್ತಿಗೆಗೆ ಬೀಳುತ್ತೆ ಅಷ್ಟೇ." ಮುಖ್ಯಸ್ಥರು ಗುಡುಗಿದರು. "ನಡಿ ನನ್ನ ಕೋಣೆಗೆ. ಇದನ್ನೇ ಸಮಿತಿ ಮುಂದೆ ಹೇಳುವೆಯಂತೆ." ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಮಧ್ಯಾಹ್ನ ನೀನು ಬರಬೇಕಾಗಿಲ್ಲಮ್ಮ. ನಿನ್ನ ವಿಚಾರಣೆ ಇಲ್ಲಿಗೆ ಮುಗೀತು. ನಿನ್ನ ಸಂಶೋಧನೆ ನಿನ್ನದೇ. ಈ ತರಗತೀನೂ ವರ್ಷ ಪೂರ್ತಿ ನಿನ್ನದೇ." ಬೋರ್ಡಿನ ಕಡೆ ಒಮ್ಮೆ ನೋಡಿದರು. "ಆ ಹುಡುಗಿಗೆ ನೀನು ಉತ್ತರ ಹೇಳಿಕೊಡಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಹೇಳಿಬಿಡ್ತಿದ್ದೆನೋ ಏನೋ."

ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದ ವಿದ್ಯಾರ್ಥಿಗಳು ನಾಚಿಕೆಯಿಲ್ಲದೆ ಚಪ್ಪಾಳೆ ತಟ್ಟಿದರು. ಆಗ ಮೀನಮ್ಮ ಅತ್ತಳು. ದೊಡ್ಡಮ್ಮ ಮಸಿ ಮೆತ್ತಿದ ಕೈಯಲ್ಲೇ ಅವಳ ಕೆನ್ನೆ ಒರೆಸಿ, ಇನ್ನಷ್ಟು ಕಪ್ಪು ಮಾಡಿದರು.

"ಆದ್ರೆ ನನ್ನ ಮೀನೆಲ್ಲಿ, ದೊಡ್ಡಮ್ಮ?"

"ಅದನ್ನೇ ಯೋಚಿಸ್ತಿದ್ದೀನಿ ಕಣೇ. ಆ ಕೋಣೆಗೆ ಇನ್ನೊಂದು ಬಾಗಿಲಿದೆಯಲ್ಲ, ಒಳಬಾಗಿಲು. ಅದು ಎಲ್ಲಿಗೆ ಹೋಗುತ್ತೆ?"

ಅದು ತೆರೆಯುತ್ತಿದ್ದದ್ದು ಮೇಡಂ ಕೋಣೆಗೆ. ಮೀನಮ್ಮ ಹಿಂದಿನ ಬೆಂಚಿನ ಕಡೆ ನೋಡಿದಳು. ಗೈಡ್ ಮೇಡಂ ಅಲ್ಲಿರಲಿಲ್ಲ.

ಇಬ್ಬರೂ ವರಾಂಡದ ತುದಿಯವರೆಗೆ ಓಡಿದಂತೆಯೇ ನಡೆದರು. ಮೇಡಂ ಕೋಣೆಯ ಬಾಗಿಲು ಮುಚ್ಚಿತ್ತು. ಮೀನಮ್ಮ ಬಾಗಿಲಿಗೆ ಕಿವಿಯಿಟ್ಟಳು. ಒಳಗಿನಿಂದ ಬುಳುಬುಳು ಸದ್ದು ಬರುತ್ತಿತ್ತು. ನೀರಿಗೆ ಗಾಳಿ ಊದುವ ಪಂಪಿನ ಸದ್ದು.

ಬಡಿಯುವ ಮೊದಲೇ ಬಾಗಿಲು ತೆರೆಯಿತು. "ಬಾ," ಎಂದರು ಮೇಡಂ. ಅವರ ಕಣ್ಣು ತುಂಬಿತ್ತು. "ನೀನು ಬರ್ತೀಯ ಅಂತ ಗೊತ್ತಿತ್ತು."

ಪುಸ್ತಕದ ಕಪಾಟಿನ ಹಿಂದೆ, ಪರದೆಯ ಮರೆಯಲ್ಲಿ, ದೊಡ್ಡದೊಂದು ತೊಟ್ಟಿ. ಅದರ ತುಂಬ ನೀಲಿ ಪಟ್ಟೆಯ ಮೀನುಗಳು ಸರ್ರನೆ ತಿರುಗಿ, ಹಸಿದ ಮರಿಗಳಂತೆ ಮೀನಮ್ಮನ ಮುಖದತ್ತ ನುಗ್ಗಿ ಬಂದವು. ಅವಳು ಗಾಜಿಗೆ ಹಣೆ ಒತ್ತಿದಳು. ಪಟ್ಟೆ ತಪ್ಪಿದ ಬಾಲಗಳು. ತುದಿಗೆ ಸರಿದ ಕವಲುಗಳು. ಒಂದೂ ಕಡಿಮೆಯಾಗಿರಲಿಲ್ಲ.

"ಬದುಕಿದಾವೆ ದೊಡ್ಡಮ್ಮ! ಎಲ್ಲವೂ ಬದುಕಿದಾವೆ!"

"ಒಂದು ವಾರ ನಿನ್ನ ಮುಖ ನೋಡೋಕಾಗದೆ ಕಣ್ಣು ತಪ್ಪಿಸಿಕೊಂಡು ಓಡಾಡಿದೆ," ಎಂದರು ಮೇಡಂ. "ಏನು ಮಾಡಲಿ, ಬಾಯಿ ಬಿಟ್ಟರೆ ಮೀನು ಉಳಿಯಲ್ಲ ಅಂತ ಹೇಳಿದ್ರು. ಕದಿಯೋಕೆ ಬರೋನು ತಾನಾಗೇ ಸಿಕ್ಕಿಬೀಳೋವರೆಗೂ ನಿನಗೂ ಹೇಳಬೇಡಿ ಅಂತ ಮಾತು ತಗೊಂಡ್ರು. ಹೇಳಿದ ಹಾಗೇ ಆಯ್ತು." ಅವರು ದೊಡ್ಡಮ್ಮನ ಕಡೆ ತಿರುಗಿ ಕೈಮುಗಿದರು. "ಆ ದಿನ ಬೆಳಕು ಹರಿಯೋ ಮೊದಲೇ ನೀವು ಫೋನ್ ಮಾಡಿ, 'ನಾನು ಅವಳ ದೊಡ್ಡಮ್ಮ, ಕಳ್ಳತನ ಆಗುತ್ತೆ, ಈಗಲೇ ಮೀನು ತೆಗೆದಿಡಿ' ಅಂತ ಎಬ್ಬಿಸದೇ ಇದ್ದಿದ್ರೆ ಇವತ್ತು ಈ ತಳಿಯೇ ಇರ್ತಿರಲಿಲ್ಲ."

ಮೀನಮ್ಮ ಗಾಜಿನಿಂದ ಹಣೆ ತೆಗೆದಳು. ನೋವು, ಬೆರಗು, ಪ್ರೀತಿ ಎಲ್ಲ ಒಟ್ಟಿಗೆ ಉಕ್ಕಿ ಬಂದು ದೊಡ್ಡಮ್ಮನನ್ನು ನೋಡಿದಳು.

ದೊಡ್ಡಮ್ಮನ ಮುಖದಲ್ಲಿ ಬಣ್ಣವೇ ಇರಲಿಲ್ಲ. ಅವರು ಕೈಚೀಲವನ್ನು ಮೆಲ್ಲಗೆ ಕೆಳಗಿಟ್ಟು, ಬಾಗಿಲ ಚಿಲಕ ಹಾಕಿ ಬಂದರು.

"ನಾನು ಯಾರಿಗೂ ಫೋನ್ ಮಾಡಿಲ್ಲ ಮೇಡಂ," ಎಂದರು. "ನಿಮ್ಮ ಜೊತೆ ನಾನು ಮಾತಾಡ್ತಿರೋದು ಇದೇ ಮೊದಲು."